ಎಲ್‌ಎಲ್‌ಸಿ ಯಾವ ಸ್ಟೇಟ್‌ನಾಗ ಮಾಡಿಸ್ಬೇಕ್ರಿ? ನಾ ಕ್ಯಾಲಿಫೋರ್ನಿಯಾ, ಗೆಳತಿ ನ್ಯೂಜೆರ್ಸಿ

ಇಳಕಲ್_ಸೆರಗು · ನವೆಂಬರ್ 8

ಎಲ್ಲಾರಿಗೂ ನಮಸ್ಕಾರ್ರೀ. ನಾ ಇರೋದು ಫ್ರೀಮಾಂಟ್‌ನಾಗ, ತವರುಮನಿ ಇಳಕಲ್ ಹತ್ರ ಒಂದ್ ಹಳ್ಳಿ. ಎರಡು ವರ್ಷ ಆತು, ನಮ್ಮೂರ ಕಡೆ ನೇಕಾರರ ಹತ್ರ ಸೀರಿ ಕೊಂಡು ಇಲ್ಲೆ ಮಾರಾಕತ್ತೀನಿ. ಮೊದಲು ಗೌರಿ ಹಬ್ಬ ಬಂದ್ರ ಹತ್ತು ಇಪ್ಪತ್ತು ಹೋಗ್ತಿದ್ವು, ಈಗ ಟೋಪ್ ತೆನಿ ಸೆರಗಿನ ಸೀರಿ ಕೇಳ್ಕೊಂಡು ಚಿಕಾಗೋ, ಅಟ್ಲಾಂಟಾದಿಂದ ಫೋನ್ ಬರ್ತಾವ. ಎಚ್4 ಈಎಡಿ (ಗಂಡನ ವೀಸಾ ಮ್ಯಾಲೆ ಬಂದವ್ರಿಗೆ ಸಿಗೋ ಕೆಲಸದ ಪರ್ಮಿಟ್) ಐತಿ, ಸೆಲ್ಲರ್ಸ್ ಪರ್ಮಿಟ್ ತೊಗೊಂಡೀನಿ, ಟ್ಯಾಕ್ಸ್ ಶೆಡ್ಯೂಲ್ ಸಿ ಒಳಗ (ನನ್ನ ಸ್ವಂತ ರಿಟರ್ನಿನಾಗ ವ್ಯಾಪಾರದ ಲೆಕ್ಕದ ಹಾಳಿ) ಕಟ್ಟೀನಿ, ಅಲ್ಲಿ ತನಕ ಸರಿ ಐತಿ.

ಈಗ ನನ್ನ ಕಾಲೇಜ್ ಗೆಳತಿ ಒಬ್ಬಾಕಿ ಎಡಿಸನ್‌ನಾಗ ಅದಾಳ, ಗ್ರೀನ್ ಕಾರ್ಡ್ ಐತಿ ಆಕಿಗೆ, ಆಕಿ ಸೇರ್ಕೋತೀನಿ ಅಂದ್ಲು. ಅರ್ಧ ಸ್ಟಾಕ್ ಆಗಲೇ ಆಕಿ ಮನಿ ಬೇಸ್ಮೆಂಟ್‌ನಾಗ ಐತಿ, ಆ ಕಡೆ ಆರ್ಡರ್ ಎಲ್ಲಾ ಆಕೀನ ಪ್ಯಾಕ್ ಮಾಡಿ ಕಳಸ್ತಾಳ. ನಾ 40,000 ಡಾಲರ್ ಹಾಕೀನಿ, ಆಕಿ 10,000. ಇಬ್ರೂ ಸೇರಿ ಎಲ್‌ಎಲ್‌ಸಿ (ವ್ಯಾಪಾರದ ಸಾಲ ಓನರ್ ಮನಿ ತನಕ ಬರದಂಗ ಮಾಡೋ ಥರದ ಕಂಪನಿ) ಮಾಡಬೇಕಂತ ಕುಂತ್ರ ವಿಡಿಯೋದವ್ರು ವಯೋಮಿಂಗ್ ಅಂತಾರ, ನಮ್ಮನಿಯವ್ರು ಡೆಲಾವೇರ್ ಅಂತಾರ, ಗೆಳತಿ ಗಂಡ ನ್ಯೂಜೆರ್ಸಿ ಅಂತಾನ. ಊರಾಗಿದ್ದಾಗ ಅಪ್ಪಾಜಿ ಫರ್ಮ್ ಮಾಡಿದ್ರು, ಒಂದ್ ದೇಶ ಒಂದ್ ಕಾನೂನು, ಇಲ್ಲಿ ಯಾಕ ಹಿಂಗ? ಗೊತ್ತಿದ್ದವ್ರು ಹೇಳ್ರಿ.

ಫ್ರಿಸ್ಕೋ_ಗೌಡ · ನವೆಂಬರ್ 8

ಅಕ್ಕಾ, ವಯೋಮಿಂಗ್ ಅಂತ ಹೋಗ್ಬೇಡಿ, ನಾನು ಹೋಗಿ ಬಂದೋನು. 2021ರಲ್ಲಿ ಐಟಿ ಕನ್ಸಲ್ಟಿಂಗ್‌ಗೆ ಅಂತ ಅಲ್ಲಿ ಮಾಡ್ಸಿದ್ದೆ, 100 ಡಾಲರ್ ಫೈಲಿಂಗ್, ವರ್ಷಕ್ಕೆ 60 ಡಾಲರ್ ಅಷ್ಟೇ, ಸ್ಟೇಟ್ ಇನ್ಕಮ್ ಟ್ಯಾಕ್ಸ್ ಇಲ್ಲ ಅಂತ ಖುಷಿ. ಆಮೇಲೆ ಇಲ್ಲಿ ಒಬ್ರು ಕ್ಲೈಂಟ್ ಕಾಂಟ್ರಾಕ್ಟ್ ಕೊಡೋಕೆ ಮುಂಚೆ ನಿಮ್ಮ ಕಂಪನಿ ಟೆಕ್ಸಾಸ್‌ನಲ್ಲಿ ರಿಜಿಸ್ಟರ್ ಆಗಿದ್ಯಾ ಅಂತ ಕೇಳಿದ್ರು. ಆಗಿಲ್ಲ. ನಾನು ಕೂತಿರೋದು ಫ್ರಿಸ್ಕೋದಲ್ಲಿ, ಕೆಲಸ ಮಾಡೋದು ಫ್ರಿಸ್ಕೋದಲ್ಲಿ, ಅಂದ್ಮೇಲೆ ಟೆಕ್ಸಾಸ್ ಕಣ್ಣಿಗೆ ನಂದು ಹೊರಗಿನ ಎಲ್‌ಎಲ್‌ಸಿ, ಇವ್ರ ಭಾಷೇಲಿ ಫಾರಿನ್ ಎಲ್‌ಎಲ್‌ಸಿ. ಅದನ್ನ ರಿಜಿಸ್ಟರ್ ಮಾಡ್ಸೋಕೆ 750 ಡಾಲರ್. ಮೊದ್ಲೇ ಟೆಕ್ಸಾಸ್‌ನಲ್ಲಿ ಮಾಡ್ಸಿದ್ರೆ 300ರಲ್ಲಿ ಮುಗೀತಿತ್ತು. ಜೊತೆಗೆ ಎರಡು ಕಡೆ ರಿಜಿಸ್ಟರ್ಡ್ ಏಜೆಂಟ್ (ಕಂಪನಿ ಪರವಾಗಿ ಸರ್ಕಾರದ, ಕೋರ್ಟಿನ ಕಾಗದ ತಗೊಳ್ಳೋಕೆ ಆ ಸ್ಟೇಟ್‌ನಲ್ಲಿ ಇರೋರು), ಎರಡು ಕಡೆ ರಿಪೋರ್ಟ್. ಹೋದ ವರ್ಷ ಅದನ್ನ ಮುಚ್ಚಿ ಇಲ್ಲೇ ಹೊಸದು ಮಾಡ್ಕೊಂಡೆ.

ಲೆಕ್ಕದ_ಕಟ್ಟು · ನವೆಂಬರ್ 8

ನಾನು ಸ್ಯಾನ್ ಹೋಸೆಯಲ್ಲಿ ಟ್ಯಾಕ್ಸ್ ಕೆಲಸ ಮಾಡ್ತೀನಿ, 14 ವರ್ಷ ಆಯ್ತು, ಇದೇ ಪ್ರಶ್ನೆ ವಾರಕ್ಕೊಂದು ಸಲ ಬರುತ್ತೆ. ಅಟಾರ್ನಿ ಅಲ್ಲ ನಾನು, ಅಷ್ಟು ತಿಳ್ಕೊಂಡು ಓದಿ.

ನಿಮ್ಮ "ಯಾಕ ಹಿಂಗ" ಅನ್ನೋದಕ್ಕೆ ಮೊದ್ಲು ಹೇಳ್ತೀನಿ, ಯಾಕಂದ್ರೆ ಇಂಡಿಯಾದಿಂದ ಬಂದೋರೆಲ್ಲ ಎಡವೋದು ಅಲ್ಲೇ. ಅಲ್ಲಿ 2008ರ ಎಲ್‌ಎಲ್‌ಪಿ ಆ್ಯಕ್ಟ್ ಆಗ್ಲಿ ಕಂಪನೀಸ್ ಆ್ಯಕ್ಟ್ ಆಗ್ಲಿ ಕೇಂದ್ರದ ಕಾನೂನು, ಬೆಂಗಳೂರಲ್ಲಿ ರಿಜಿಸ್ಟರ್ ಮಾಡಿದ್ರೂ ಪುಣೆಯಲ್ಲಿ ಮಾಡಿದ್ರೂ ಅದೇ ಆ್ಯಕ್ಟ್. ಇಲ್ಲಿ ಎಲ್‌ಎಲ್‌ಸಿ ಅನ್ನೋದನ್ನ ಹುಟ್ಟಿಸೋದೇ ಸ್ಟೇಟ್. ವಾಷಿಂಗ್ಟನ್ ಡಿಸಿಯಲ್ಲಿ ಎಲ್ಲಾ ಕಂಪನಿಗೂ ಒಂದೇ ರಿಜಿಸ್ಟ್ರಾರ್ ಅಂತ ಇಲ್ಲ, ಪ್ರತಿ ಸ್ಟೇಟ್‌ಗೂ ತನ್ನದೇ ಎಲ್‌ಎಲ್‌ಸಿ ಆ್ಯಕ್ಟ್, ತನ್ನದೇ ಫೀಸು, ತನ್ನದೇ ಡೆಡ್‌ಲೈನು. ಐಆರ್‌ಎಸ್, ಅಂದ್ರೆ ಕೇಂದ್ರದ ಟ್ಯಾಕ್ಸ್ ಇಲಾಖೆ, ಕೇಳೋದು ಒಂದೇ, ಓನರ್ ಒಬ್ರಾ ಇಬ್ರಾ ಅಂತ. ಒಬ್ರೇ ಆದ್ರೆ ಎಲ್‌ಎಲ್‌ಸಿ ಇಲ್ವೇ ಇಲ್ಲ ಅನ್ನೋ ಥರ ನೋಡುತ್ತೆ, ಈಗಿನ ಹಾಗೇ ಶೆಡ್ಯೂಲ್ ಸಿ. ಇಬ್ರಾದ್ರೆ ಪಾರ್ಟ್ನರ್‌ಶಿಪ್, ಫಾರ್ಮ್ 1065, ಇಬ್ರಿಗೂ ಅವರವರ ಪಾಲಿನ ಲೆಕ್ಕದ ಹಾಳೆ ಕೆ-1, ಮಾರ್ಚ್ 15 ಕೊನೇ ದಿನ. ತಡ ಆದ್ರೆ ಪ್ರತಿ ಪಾರ್ಟ್ನರ್‌ಗೆ ಪ್ರತಿ ತಿಂಗಳಿಗೆ 200 ಡಾಲರ್ ಮೇಲೆ ಪೆನಾಲ್ಟಿ, ಲಾಭ ಸೊನ್ನೆ ಇದ್ರೂ ಬೀಳುತ್ತೆ, ಇದು ಎಷ್ಟೋ ಜನಕ್ಕೆ ಗೊತ್ತಿರಲ್ಲ.

ಈಗ ನಿಮ್ಮ ವಿಷಯ. ನೀವು ಫ್ರೀಮಾಂಟ್‌ನಲ್ಲಿ ಕೂತು ವ್ಯಾಪಾರ ನಡೆಸ್ತೀರಿ. ಎಲ್‌ಎಲ್‌ಸಿ ವಯೋಮಿಂಗ್‌ದಾಗ್ಲಿ ಡೆಲಾವೇರ್‌ದಾಗ್ಲಿ, ಮ್ಯಾನೇಜ್ ಮಾಡೋ ಮೆಂಬರ್ (ಅಂದ್ರೆ ಓನರ್) ಕ್ಯಾಲಿಫೋರ್ನಿಯಾದಲ್ಲಿ ಇದ್ರೆ ಫ್ರಾಂಚೈಸ್ ಟ್ಯಾಕ್ಸ್ ಬೋರ್ಡ್ (ಇಲ್ಲಿಯ ಸ್ಟೇಟ್ ಟ್ಯಾಕ್ಸ್ ಇಲಾಖೆ) ಲೆಕ್ಕದಲ್ಲಿ ಅದು ಕ್ಯಾಲಿಫೋರ್ನಿಯಾದಲ್ಲೇ ಬಿಸಿನೆಸ್ ಮಾಡ್ತಿದೆ. ವರ್ಷಕ್ಕೆ 800 ಡಾಲರ್ ಮಿನಿಮಮ್ ಟ್ಯಾಕ್ಸ್, ಲಾಭ ಬರಲಿ ನಷ್ಟ ಆಗಲಿ. 2021ರಿಂದ 2023ರ ತನಕ ಹೊಸ ಎಲ್‌ಎಲ್‌ಸಿಗಳಿಗೆ ಮೊದಲ ವರ್ಷ ಮಾಫಿ ಇತ್ತು, ಹಳೇ ವಿಡಿಯೋಗಳಲ್ಲಿ ಇನ್ನೂ ಅದನ್ನೇ ಹೇಳ್ತಾರೆ, ನಂಬಬೇಡಿ, ಮುಗಿದಿದೆ. ಹಾಗಾಗಿ ಡೆಲಾವೇರ್‌ನಲ್ಲಿ ಮಾಡಿದ್ರೆ ಅಲ್ಲಿಯ 300 ಡಾಲರ್, ಜೂನ್ 1ರ ಒಳಗೆ, ಪ್ಲಸ್ ಇಲ್ಲಿಯ 800. ಉಳಿತಾಯ ಎಲ್ಲಿಂದ ಬಂತು?

ಇಳಕಲ್_ಸೆರಗು · ನವೆಂಬರ್ 9

ಅಯ್ಯ ನಮ್ಮವ್ವಾ, 800 ಡಾಲರ್ ಅಂದ್ರ ಎಷ್ಟು ಸೀರಿ ಮಾರಬೇಕ್ರಿ! ಹಂಗಾದ್ರ ಗೆಳತಿ ಕಡೆ ನ್ಯೂಜೆರ್ಸಿಯೊಳಗ ಮಾಡಿಸಿ, ನಾ ಬರೀ ಪಾಲುದಾರಳು ಅಂತ ಇದ್ರ ನಡಿಯಂಗಿಲ್ಲೇನು?

ಲೆಕ್ಕದ_ಕಟ್ಟು · ನವೆಂಬರ್ 9

ನೀವು ನಿಜವಾಗ್ಲೂ ಕೈ ಹಾಕದೆ ದುಡ್ಡು ಮಾತ್ರ ಹಾಕಿ ಕೂತಿದ್ರೆ ಆ ಮಾತು ಬೇರೆ. 2017ರಲ್ಲಿ ಸ್ವಾರ್ಟ್ ಅಂತ ಒಂದು ಕೇಸ್ ಬಂತು, ಅಯೋವಾದ ಕಂಪನಿ ಒಂದು ಕ್ಯಾಲಿಫೋರ್ನಿಯಾದ ಫಂಡ್‌ನಲ್ಲಿ 0.2 ಪರ್ಸೆಂಟ್ ಪಾಲು ಇಟ್ಕೊಂಡಿತ್ತು, ಬರೀ ಅಷ್ಟರಿಂದ ಅದು ಇಲ್ಲಿ ಬಿಸಿನೆಸ್ ಮಾಡ್ತಿದೆ ಅನ್ನೋಕಾಗಲ್ಲ ಅಂತ ಕೋರ್ಟ್ ಹೇಳ್ತು. ಆದ್ರೆ ನೀವು ಸೀರೆ ಆರಿಸ್ತೀರಿ, ಬೆಲೆ ಇಡ್ತೀರಿ, ಅರ್ಧ ಸ್ಟಾಕ್ ನಿಮ್ಮನೇಲಿದೆ, ಆರ್ಡರ್ ಕಳಿಸ್ತೀರಿ. 80 ಪರ್ಸೆಂಟ್ ದುಡ್ಡು ನಿಮ್ಮದು. ಕಾಗದದ ಮೇಲೆ ಪ್ಯಾಸಿವ್ ಅಂತ ಬರೆದ್ರೆ ಅದು ನಿಜ ಆಗಲ್ಲ ಮೇಡಂ, ಬರೆಯೋಕೆ ನಾನಂತೂ ಹೇಳಲ್ಲ.

ಒಂದು ಉಪಯೋಗದ ಮಾತು ಹೇಳ್ತೀನಿ. ಈಗ ನವೆಂಬರ್. ಇವತ್ತೇ ಫೈಲ್ ಮಾಡಿದ್ರೆ ಈ ಒಂದೂವರೆ ತಿಂಗಳಿಗೆ ಒಂದು 800, ಏಪ್ರಿಲ್ 15ಕ್ಕೆ ಮತ್ತೊಂದು 800. ಕಾದು ಜನವರಿ 1ರ ಡೇಟ್ ಹಾಕಿ ಫೈಲ್ ಮಾಡಿ. ಆರ್ಟಿಕಲ್ಸ್ ಆಫ್ ಆರ್ಗನೈಸೇಷನ್ (ಎಲ್‌ಎಲ್‌ಸಿ ಹುಟ್ಟಿಸೋ ಅರ್ಜಿ) ಕೊಡುವಾಗ ಮುಂದಿನ 90 ದಿನದ ಒಳಗಿನ ಒಂದು ದಿನದಿಂದ ಜಾರಿ ಅಂತ ಹಾಕೋಕೆ ಬಿಡ್ತಾರೆ. ಫೀಸ್ 70 ಡಾಲರ್. ಆಮೇಲೆ 90 ದಿನದೊಳಗೆ ಸ್ಟೇಟ್‌ಮೆಂಟ್ ಆಫ್ ಇನ್ಫರ್ಮೇಷನ್, 20 ಡಾಲರ್, ಎರಡು ವರ್ಷಕ್ಕೊಮ್ಮೆ ಅದೇ. ಮರೆತ್ರೆ 250 ಪೆನಾಲ್ಟಿ. ಇದೆಲ್ಲ ನೀವೇ ಸೆಕ್ರೆಟರಿ ಆಫ್ ಸ್ಟೇಟ್ ವೆಬ್‌ಸೈಟ್‌ನಲ್ಲಿ ಮಾಡ್ಕೋಬಹುದು. ಫೈಲ್ ಆದ ಮೇಲೆ ಸರ್ಕಾರದ ಲೆಟರ್ ಥರಾನೇ ಕಾಣೋ ಕಾಗದ ಮನೆಗೆ ಬರ್ತವೆ, ಅಷ್ಟು ಕಟ್ಟಿ ಇಷ್ಟು ಕಟ್ಟಿ ಅಂತ, ಸಣ್ಣ ಅಕ್ಷರದಲ್ಲಿ ಇದು ಸರ್ಕಾರದ್ದಲ್ಲ ಅಂತ ಇರುತ್ತೆ. ಓದದೆ ಚೆಕ್ ಬರೀಬೇಡಿ.

ಇನ್ನೊಂದು, ವ್ಯಾಪಾರ ಬೆಳೆದ್ರೆ ಗೊತ್ತಿರಲಿ. ಕ್ಯಾಲಿಫೋರ್ನಿಯಾದ ಒಟ್ಟು ವಹಿವಾಟು 2,50,000 ಡಾಲರ್ ಮುಟ್ಟಿದ್ರೆ 800ರ ಮೇಲೆ ಇನ್ನೊಂದು ಫೀ ಇದೆ, 900ರಿಂದ ಶುರುವಾಗಿ 11,790 ತನಕ. ಅದು ಲಾಭದ ಮೇಲಲ್ಲ, ಸೀರೆ ಕೊಂಡ ಖರ್ಚನ್ನ ಕಳೆಯೋಕೆ ಮುಂಚಿನ ಮೊತ್ತದ ಮೇಲೆ. ಕಡಿಮೆ ಮಾರ್ಜಿನ್ ಇರೋ ನಮ್ಮ ದಿನಸಿ ಅಂಗಡಿಯವ್ರಿಗೆಲ್ಲ ಇದು ನೋವು ಕೊಡೋ ಜಾಗ.

ಕ್ವೀನ್ಸ್_ಕಿಟ್ಟಿ · ನವೆಂಬರ್ 9

800ಕ್ಕೇ ಹಿಂಗಂದ್ರೆ ನ್ಯೂಯಾರ್ಕ್ ಕಥೆ ಕೇಳಿ. 200 ಡಾಲರ್ ಕೊಟ್ಟು ರಿಜಿಸ್ಟರ್ ಮಾಡಿದ್ರೆ ಮುಗೀಲಿಲ್ಲ, 120 ದಿನದ ಒಳಗೆ ಎರಡು ಪೇಪರ್‌ನಲ್ಲಿ ಆರು ವಾರ ಸತತ ಜಾಹೀರಾತು ಹಾಕ್ಬೇಕು, ಇಂಥ ಎಲ್‌ಎಲ್‌ಸಿ ಶುರುವಾಗಿದೆ ಅಂತ. ಯಾವ ಪೇಪರ್ ಅನ್ನೋದನ್ನ ಕೌಂಟಿ ಕ್ಲರ್ಕ್ ಹೇಳ್ತಾರೆ. ಸಿಟಿ ಒಳಗಿನ ಕೌಂಟಿ ಆದ್ರೆ ಸಾವಿರ ಡಾಲರ್ ದಾಟುತ್ತೆ, ಆಲ್ಬನಿ ಕಡೆ ಕೆಲವು ನೂರರಲ್ಲಿ ಆಗುತ್ತೆ, ಅದಕ್ಕೇ ತುಂಬಾ ಜನ ಆಲ್ಬನಿಯ ರಿಜಿಸ್ಟರ್ಡ್ ಏಜೆಂಟ್ ಹಿಡೀತಾರೆ. ಆಮೇಲೆ ಸರ್ಟಿಫಿಕೇಟ್ ಆಫ್ ಪಬ್ಲಿಕೇಷನ್‌ಗೆ 50 ಡಾಲರ್. ಹಾಕದೆ ಬಿಟ್ರೆ ಸಾಲ ವಸೂಲಿಗೆ ಅಂತ ನ್ಯೂಯಾರ್ಕ್ ಕೋರ್ಟ್‌ಗೆ ಹೋದಾಗ ಎದುರಾಳಿ ಇದನ್ನೇ ಹಿಡ್ಕೋತಾನೆ. ನನಗೆ ಹಾಗೇ ಆಯ್ತು, ಒಬ್ಬ ಗಿರಾಕಿ 6,000 ಬಾಕಿ, ಕೇಸ್ ಹಾಕಿದ ಮೇಲೆ ಪೇಪರ್ ಜಾಹೀರಾತು ಹಾಕ್ಸಿ ಅದು ಮುಗಿಯೋ ತನಕ ಕಾದೆ.

ಆದ್ರೆ ನ್ಯೂಯಾರ್ಕ್ ಕಾನೂನಿನಲ್ಲಿ ಒಂದು ಒಳ್ಳೇದಿದೆ, ಆಪರೇಟಿಂಗ್ ಅಗ್ರಿಮೆಂಟ್ (ಪಾಲುದಾರರು ತಮ್ಮೊಳಗೆ ಮಾಡ್ಕೊಳ್ಳೋ ಒಪ್ಪಂದ) ಬರವಣಿಗೆಯಲ್ಲಿ ಇರಲೇಬೇಕು, 90 ದಿನದೊಳಗೆ. ಎಲ್ಲೂ ಫೈಲ್ ಮಾಡೋ ಹಾಗಿಲ್ಲ, ಮನೇಲಿ ಇಟ್ಕೊಳ್ಳೋದು. ಆದ್ರೂ ಬರೀಬೇಕು.

ಎಡಿಸನ್_ರಂಗಣ್ಣ · ನವೆಂಬರ್ 10

ಕಿಟ್ಟಿ ಕೊನೇಲಿ ಹೇಳಿದ್ದು ಇಡೀ ಚರ್ಚೆಯಲ್ಲೇ ಮುಖ್ಯವಾದ ಮಾತು, ಎಲ್ರೂ ಸ್ಟೇಟ್ ಸ್ಟೇಟ್ ಅಂತ ಒದ್ದಾಡ್ತಿದ್ದೀರ. ನಾನು ಇಲ್ಲಿಗೆ ಬಂದು 22 ವರ್ಷ. 2016ರಲ್ಲಿ ಊರಿನ ಸ್ನೇಹಿತನ ಜೊತೆ ಸೇರಿ ಒಂದು ಪ್ರಿಂಟಿಂಗ್ ಅಂಗಡಿ ಮಾಡಿದೆ. ಮಷೀನ್‌ಗೆ 90,000 ಡಾಲರ್ ನಾನು ಹಾಕಿದ್ದು, ಮನೆ ಮೇಲೆ ಸಾಲ ತಗೊಂಡು. ಅವನು ಹಾಕಿದ್ದು 15,000. ಒಂದೇ ಬೆಂಚಿನಲ್ಲಿ ಕೂತು ಓದಿದೋರು, ಕಾಗದ ಗೀಗದ ಯಾಕೆ ಅಂದ್ಕೊಂಡ್ವಿ. ಸ್ಟೇಟ್‌ಗೆ 125 ಡಾಲರ್ ಕಟ್ಟಿ ಸರ್ಟಿಫಿಕೇಟ್ ತಗೊಂಡು ಗೋಡೆಗೆ ಫ್ರೇಮ್ ಹಾಕ್ಸಿದ್ದೊಂದೇ.

ನಾಲ್ಕು ವರ್ಷಕ್ಕೆ ಮನಸ್ತಾಪ ಬಂತು. ನಾನು ದುಡ್ಡು ಹಾಕಿದ ಲೆಕ್ಕದಲ್ಲಿ ಲಾಭ ಬರುತ್ತೆ ಅಂದ್ಕೊಂಡಿದ್ದೆ. ವಕೀಲರು ಕೂರಿಸಿ ಹೇಳಿದ್ರು, ನ್ಯೂಜೆರ್ಸಿಯ ಹೊಸ ಎಲ್‌ಎಲ್‌ಸಿ ಆ್ಯಕ್ಟ್, 2014 ಮಾರ್ಚ್‌ನಿಂದ ಎಲ್ಲಾ ಎಲ್‌ಎಲ್‌ಸಿಗೂ ಅದೇ, ಅದರ ಪ್ರಕಾರ ನೀವು ಬೇರೆ ಥರ ಒಪ್ಪಿಲ್ಲ ಅಂದ್ರೆ ಹಂಚಿಕೆ ಸಮಪಾಲು. 90 ಹಾಕಿದವನಿಗೂ ಅರ್ಧ, 15 ಹಾಕಿದವನಿಗೂ ಅರ್ಧ. ಮ್ಯಾನೇಜ್‌ಮೆಂಟ್‌ನಲ್ಲೂ ತಲೆಗೊಂದು ಸಮಾನ ಹಕ್ಕು. ಬಾಯಿಮಾತಿನ ಒಪ್ಪಂದಾನೂ ಈ ಕಾನೂನಲ್ಲಿ ಆಪರೇಟಿಂಗ್ ಅಗ್ರಿಮೆಂಟೇ ಅಂತೆ, ಆದ್ರೆ ಬಾಯಲ್ಲಿ ಏನಂದ್ವಿ ಅನ್ನೋದು ನನ್ನ ನೆನಪಲ್ಲಿ ಒಂದು, ಅವನ ನೆನಪಲ್ಲಿ ಇನ್ನೊಂದು. ಸಾಬೀತು ಮಾಡೋದು ಹೇಗೆ?

ಸರಿ ಅವನನ್ನ ತೆಗೆದುಬಿಡೋಣ ಅಂದೆ. ಅದೂ ಆಗಲ್ಲ ಅಂದ್ರು. ನ್ಯೂಜೆರ್ಸಿ ಸುಪ್ರೀಂ ಕೋರ್ಟ್ 2016ರಲ್ಲಿ ಐಇ ಟೆಸ್ಟ್ ಅನ್ನೋ ಎಲ್‌ಎಲ್‌ಸಿ ಕೇಸಲ್ಲಿ ತೀರ್ಪು ಕೊಟ್ಟಿದೆ. ಮೂರು ಜನ ಮೆಂಬರ್ಸ್, ಬರೆದ ಅಗ್ರಿಮೆಂಟ್ ಇಲ್ಲ, 33 ಪರ್ಸೆಂಟ್‌ನ ಒಬ್ರನ್ನ ಹೊರಗೆ ಹಾಕೋಕೆ ಉಳಿದ ಇಬ್ರು ಹೋದ್ರು. ಕೆಳಗಿನ ಕೋರ್ಟ್‌ಗಳು ಆಗಬಹುದು ಅಂದ್ವು, ಸುಪ್ರೀಂ ಕೋರ್ಟ್ ಆಗಲ್ಲ ಅಂತು. ಜಗಳ ಇದೆ, ಸಂಬಳದ ಬಗ್ಗೆ ಒಮ್ಮತ ಇಲ್ಲ ಅನ್ನೋದಷ್ಟೇ ಸಾಲದು, ಆ ಮೆಂಬರ್ ಇದ್ರೆ ಕಂಪನಿ ನಡೆಸೋದೇ ಸಾಧ್ಯವಿಲ್ಲ ಅನ್ನೋ ಮಟ್ಟದ ನಡತೆ ತೋರಿಸಬೇಕು ಅಂತ. ನಾನು ಕೊನೆಗೆ 41,000 ಕೊಟ್ಟು ಅವನ ಪಾಲು ಬಿಡಿಸ್ಕೊಂಡೆ. ಸ್ನೇಹಿತ ಹೋದ. ದುಡ್ಡು ಹೋಗಿದ್ದಕ್ಕಿಂತ ಅದು ಈಗಲೂ ಕಾಡುತ್ತೆ, ಅವನ ಮಗಳ ಮದುವೆಗೆ ನಮಗೆ ಕರೆ ಬರಲಿಲ್ಲ.

ತಂಗಿ, ನಿನ್ನದು 40, ಅವಳದು 10. ನನ್ನ ಕಥೆಯ ಲೆಕ್ಕಾನೇ ಹೆಚ್ಚುಕಡಿಮೆ. ಮೊದ್ಲು ಇಬ್ರೂ ಕೂತು ಬರೀರಮ್ಮ.

ಇಳಕಲ್_ಸೆರಗು · ನವೆಂಬರ್ 10

ಅಣ್ಣಾರ, ಓದಿ ರಾತ್ರಿ ನಿದ್ದಿ ಬರ್ಲಿಲ್ಲ. ಆಕೀಗೂ ಕಳಿಸೀನಿ. ಆಕಿ ಅಂದ್ಲು, ಸಮಪಾಲು ಅಂದ್ರ ನನಗ ಲಾಭಾನ ಆತಲ್ಲ, ಆದ್ರ ಹಂಗ ನಾ ತೊಗೊಳ್ಳಂಗಿಲ್ಲ, ಬರಿಯೋಣ ಅಂತ. ಕ್ಯಾಲಿಫೋರ್ನಿಯಾ ಒಳಗೂ ಹಿಂಗ ಸಮಪಾಲು ಕಾನೂನೇನ್ರಿ?

ಲೆಕ್ಕದ_ಕಟ್ಟು · ನವೆಂಬರ್ 10

ಇಲ್ಲ, ಇಲ್ಲೇ ನೋಡಿ ಸ್ಟೇಟ್ ಕಾನೂನಿನ ವ್ಯತ್ಯಾಸ ಕಣ್ಣಿಗೆ ಕಾಣೋದು. ಕ್ಯಾಲಿಫೋರ್ನಿಯಾನೂ 2014 ಜನವರಿ 1ರಿಂದ ಅದೇ ಮಾದರಿ ಕಾನೂನನ್ನ ತಗೊಂಡಿದೆ, ಆದ್ರೆ ತನಗೆ ಬೇಕಾದ ಹಾಗೆ ತಿದ್ದಿದೆ. ಬರೆದಿಲ್ಲ ಅಂದ್ರೆ ಇಲ್ಲಿ ಲಾಭ ನಷ್ಟ ಹಾಕಿದ ಬಂಡವಾಳದ ಲೆಕ್ಕದಲ್ಲಿ. ಡೆಲಾವೇರ್‌ನಲ್ಲೂ ಬಂಡವಾಳದ ಲೆಕ್ಕಾನೇ, ನ್ಯೂಯಾರ್ಕ್‌ನಲ್ಲೂ. ನ್ಯೂಜೆರ್ಸಿಯಲ್ಲಿ ಸಮಪಾಲು. ಒಂದೇ ಎಲ್‌ಎಲ್‌ಸಿ, ಅದೇ ಇಬ್ರು ಗೆಳತಿಯರು, ಅದೇ 50,000 ಡಾಲರ್, ಹಡ್ಸನ್ ನದಿ ದಾಟಿದ್ರೆ ಪಾಲು ಬೇರೆ. ಎಲ್‌ಎಲ್‌ಸಿ ಒಳಗಿನ ವ್ಯವಹಾರಕ್ಕೆ ಅದು ಹುಟ್ಟಿದ ಸ್ಟೇಟ್‌ನ ಕಾನೂನೇ ಅನ್ವಯ, ಮೆಂಬರ್ ಎಲ್ಲಿರ್ತಾರೆ ಅನ್ನೋದಲ್ಲ.

ಆದ್ರೆ ಕಾನೂನು ಇದನ್ನೆಲ್ಲ ಹೇಳೋದು ನೀವು ಬಾಯಿ ಮುಚ್ಕೊಂಡು ಕೂತಾಗ ಮಾತ್ರ. ನೀವೇ ಬರೆದ್ರೆ ಬಹುತೇಕ ನಿಮ್ಮ ಬರಹವೇ ನಡೆಯೋದು.

ಧಾರವಾಡ_ಪೇಡೆ · ನವೆಂಬರ್ 11

ಲಾಭ ಹಂಚೋದು ಬಂಡವಾಳದ ಲೆಕ್ಕದಾಗ ಅಂದ್ರ ಆ ಎಡಿಸನ್ ಅಕ್ಕಾವ್ರಿಗೆ ಅನ್ಯಾಯ ಆಗ್ತೈತಲ್ರಿ? ದಿನಾ ಪ್ಯಾಕ್ ಮಾಡಿ ಪೋಸ್ಟ್ ಆಫೀಸಿಗೆ ಹೋಗೋದು ಅವ್ರು. ದುಡಿಮಿಗೆ ಬೆಲಿ ಹೆಂಗ ಕಟ್ಟೋದು ಅನ್ನೋದನ್ನೂ ಬರೀರಿ. ನಮ್ಮ ತಾಯಿ ಊರಾಗ ಪಾಲುದಾರಿ ಅಂಗಡಿ ಒಳಗ 20 ವರ್ಷ ದುಡಿದ್ರು, ಬಂಡವಾಳ ಹಾಕಿದವ್ರ ಹೆಸರು ಉಳೀತು, ಇವ್ರ ಕೈಗೆ ಏನೂ ಬರಲಿಲ್ಲ.

ಜಯನಗರ_ನಾಲ್ಕನೇಬ್ಲಾಕ್ · ನವೆಂಬರ್ 11

ಮಧ್ಯೆ ಬಾಯಿ ಹಾಕ್ತಿದ್ದೀನಿ ಕ್ಷಮಿಸಿ. ನಾನು ಬೆಂಗಳೂರಲ್ಲೇ ಇರೋದು, ಯುಎಸ್‌ಗೆ ಬಂದೂ ಇಲ್ಲ. ಒಂದು ಸಣ್ಣ ಸಾಫ್ಟ್‌ವೇರ್ ಮಾರ್ತೀನಿ, ಕಸ್ಟಮರ್ಸ್ ಅಮೆರಿಕದೋರು, ಪೇಮೆಂಟ್ ಸುಲಭ ಅಂತ ಡೆಲಾವೇರ್ ಎಲ್‌ಎಲ್‌ಸಿ ಮಾಡೋಣ ಅಂತ. ನನಗೂ ಡೆಲಾವೇರ್ ಬೇಡ್ವಾ?

ಲೆಕ್ಕದ_ಕಟ್ಟು · ನವೆಂಬರ್ 11

ನಿಮ್ಮದು ಬೇರೆ ಕೇಸು. ನಿಮಗೆ ಇಲ್ಲಿ ಮನೆ ಸ್ಟೇಟ್ ಅಂತಾನೇ ಇಲ್ಲ, ಹಾಗಾಗಿ ಡೆಲಾವೇರ್, ವಯೋಮಿಂಗ್ ಯಾವುದಾದ್ರೂ ಸರಿ. ಎಚ್ಚರಿಕೆ ಎರಡು. ಯುಎಸ್‌ನಲ್ಲಿ ಟ್ಯಾಕ್ಸ್ ಬೀಳದಿದ್ರೂ, ಹೊರದೇಶದವರು ಒಬ್ಬರೇ ಓನರ್ ಆಗಿರೋ ಎಲ್‌ಎಲ್‌ಸಿ ಮತ್ತು ಓನರ್ ಮಧ್ಯೆ ದುಡ್ಡು ಓಡಾಡಿದ್ರೆ ಪ್ರತಿ ವರ್ಷ ಫಾರ್ಮ್ 5472, ಒಂದು ಖಾಲಿ 1120 (ಕಂಪನಿ ಟ್ಯಾಕ್ಸ್ ಫಾರ್ಮ್) ಜೊತೆಗೆ, ಕೊಡಲೇಬೇಕು. ಮರೆತ್ರೆ ಪೆನಾಲ್ಟಿ 25,000 ಡಾಲರ್. ಹೌದು, ಇಪ್ಪತ್ತೈದು ಸಾವಿರಾನೇ. 200 ಡಾಲರ್‌ಗೆ ಎಲ್‌ಎಲ್‌ಸಿ ಮಾಡಿಕೊಡ್ತೀವಿ ಅನ್ನೋ ಎಷ್ಟೋ ಜನ ಇದನ್ನ ಹೇಳೋದೇ ಇಲ್ಲ. ಎರಡನೇದು ಇಂಡಿಯಾ ಕಡೆಯದು, ಅಲ್ಲಿ ಕೂತು ಹೊರದೇಶದ ಕಂಪನಿಯಲ್ಲಿ ಪಾಲು ತಗೊಳ್ಳೋದು 2022ರ ಓವರ್‌ಸೀಸ್ ಇನ್ವೆಸ್ಟ್‌ಮೆಂಟ್ ರೂಲ್ಸ್ ಕೆಳಗೆ ಬರುತ್ತೆ, ನಿಮ್ಮ ಬ್ಯಾಂಕ್ ಮೂಲಕ ತಿಳಿಸಿ ಮಾಡ್ಬೇಕು. ಅಲ್ಲಿಯ ಸಿಎ ಹತ್ರ ಮೊದ್ಲು ಹೋಗಿ, ಆಮೇಲೆ ಡೆಲಾವೇರ್.

ಫ್ರಿಸ್ಕೋ_ಗೌಡ · ನವೆಂಬರ್ 11

ಟ್ಯಾಕ್ಸ್ ಬಗ್ಗೆ ನನ್ನದೂ ಒಂದು ಡೌಟ್ ಸರ್. ಈಗಿನ ಟೆಕ್ಸಾಸ್ ಎಲ್‌ಎಲ್‌ಸಿಯಲ್ಲಿ ನಾನು ನಮ್ಮನೆಯವ್ರು ಇಬ್ರೂ ಮೆಂಬರ್ಸ್. ಫ್ರಾಂಚೈಸ್ ಟ್ಯಾಕ್ಸ್ ಏನೂ ಬರಲ್ಲ, ವಹಿವಾಟು 24.7 ಲಕ್ಷ ಡಾಲರ್ ಒಳಗಿದ್ರೆ ಇಲ್ಲ ಅಂತ 2024, 2025ಕ್ಕೆ ಇತ್ತು, ಮೇ 15ಕ್ಕೆ ಪಬ್ಲಿಕ್ ಇನ್ಫರ್ಮೇಷನ್ ರಿಪೋರ್ಟ್ ಮಾತ್ರ ಕೊಡ್ತೀನಿ. ಇಬ್ರು ಮೆಂಬರ್ಸ್ ಅಂದ್ರೆ 1065 ಅಂದ್ರಲ್ಲ, ನಮ್ಮ ಸಿಪಿಎ (ಇಲ್ಲಿಯ ಸಿಎ) ಬೇಡ ಅಂದಿದ್ದಾರೆ, ತಪ್ಪಾ?

ಲೆಕ್ಕದ_ಕಟ್ಟು · ನವೆಂಬರ್ 12

ತಪ್ಪಿಲ್ಲ. ಟೆಕ್ಸಾಸ್, ಕ್ಯಾಲಿಫೋರ್ನಿಯಾ, ವಾಷಿಂಗ್ಟನ್, ಅರಿಜೋನಾ ಹೀಗೆ ಒಂಬತ್ತು ಸ್ಟೇಟ್ ಕಮ್ಯುನಿಟಿ ಪ್ರಾಪರ್ಟಿ ಸ್ಟೇಟ್ಸ್, ಮದುವೆ ಆದ್ಮೇಲೆ ದುಡಿದದ್ದು ಇಬ್ಬರದ್ದೂ ಅಂತ. ಅಲ್ಲಿ ಗಂಡ ಹೆಂಡತಿ ಇಬ್ರೇ ಓನರ್ ಆಗಿರೋ ಎಲ್‌ಎಲ್‌ಸಿಯನ್ನ ಒಬ್ಬರದ್ದೇ ಅನ್ನೋ ಹಾಗೆ ಐಆರ್‌ಎಸ್ ಒಪ್ಪುತ್ತೆ, 2002ರಿಂದ. ಅದೇ ದಂಪತಿ ನ್ಯೂಜೆರ್ಸಿಯಲ್ಲಿ ಇದ್ರೆ 1065 ಕೊಡ್ಬೇಕು.

ಇಳಕಲ್_ಸೆರಗು · ನವೆಂಬರ್ 12

ಅದಕ್ಕ ಕೇಳಾಕತ್ತಿದ್ದೆ ನೋಡ್ರಿ, ನಮ್ಮನಿಯವ್ರನ್ನೂ ಮೂರನೇ ಮೆಂಬರ್ ಮಾಡಿದ್ರ ಹೆಂಗ? ಅವ್ರದು ಎಚ್1ಬಿ. ಶನಿವಾರ ಭಾನುವಾರ ವೆಬ್‌ಸೈಟ್ ಕೆಲಸ ಅವ್ರ ನೋಡ್ತಾರ.

ತುಂಗೆಯ_ಮಗಳು · ನವೆಂಬರ್ 12

ಅಕ್ಕಾ ದಯವಿಟ್ಟು ಅದೊಂದು ಮಾಡ್ಬೇಡಿ. ಎಚ್1ಬಿಯಲ್ಲಿ ಪಾಲು ಇಟ್ಕೊಳ್ಳೋದು ಬೇರೆ, ಕೆಲಸ ಮಾಡೋದು ಬೇರೆ. ಸ್ಪಾನ್ಸರ್ ಮಾಡಿದ ಕಂಪನಿ ಬಿಟ್ಟು ಬೇರೆ ಕಡೆ ಕೆಲಸ ಮಾಡಿದ್ರೆ, ಸಂಬಳ ತಗೊಳ್ಳದೇ ಇದ್ರೂ, ಅನಧಿಕೃತ ಕೆಲಸ ಅಂತ ಆಗಬಹುದು, ನಾಳೆ ಗ್ರೀನ್ ಕಾರ್ಡ್ ಟೈಮಲ್ಲಿ ಅದು ಎದ್ದು ಕೂರುತ್ತೆ. 2025 ಜನವರಿ 17ರ ರೂಲ್‌ನಲ್ಲಿ ಎಚ್1ಬಿಯವ್ರು ತಮ್ಮದೇ ಕಂಪನಿ ಮೂಲಕ ಅರ್ಜಿ ಹಾಕೋಕೆ ದಾರಿ ಇದೆ, ಆದ್ರೆ ಅದಕ್ಕೆ ಬೇರೆ ಪಿಟಿಷನ್ನೇ ಬೇಕು, ಸುಮ್ನೆ ಆಗಲ್ಲ. ಇಮಿಗ್ರೇಷನ್ ಅಟಾರ್ನಿ ಹತ್ರ ಒಂದು ಗಂಟೆ ಕೂತು ಕೇಳಿ.

ನಿಮ್ಮ ಈಎಡಿ ಡೇಟ್ ಕೂಡ ನೋಡ್ಕೊಳ್ಳಿ. 2025 ಅಕ್ಟೋಬರ್ 30ರಿಂದ ಈಚೆಗೆ ರಿನ್ಯೂವಲ್ ಹಾಕಿದ್ರೆ ಮೊದಲಿನ ಥರ ತಾನಾಗೇ ಎಕ್ಸ್‌ಟೆನ್ಷನ್ ಸಿಗಲ್ಲ, ಕಾರ್ಡ್ ಮುಗಿದ ದಿನ ಕೆಲಸ ನಿಲ್ಲಿಸಬೇಕು. ನಂದು ಹಾಗೆ ನಿಂತಿತ್ತು. ಆಗ ಎಲ್‌ಎಲ್‌ಸಿ ಕೆಲಸ ಯಾರು ಮಾಡ್ಬೇಕು ಅನ್ನೋದನ್ನ ಅಗ್ರಿಮೆಂಟ್‌ನಲ್ಲೇ ಹಾಕಿ.

ಎಡಿಸನ್_ರಂಗಣ್ಣ · ನವೆಂಬರ್ 12

ಮೂರನೆಯವರ ಬಗ್ಗೆ ಇನ್ನೊಂದು. ನ್ಯೂಜೆರ್ಸಿಯಲ್ಲಿ ಇಬ್ರಿಗಿಂತ ಜಾಸ್ತಿ ಪಾಲುದಾರರಾದ್ರೆ ತಲೆಗೆ 150 ಡಾಲರ್ ಪಾರ್ಟ್ನರ್‌ಶಿಪ್ ಫೀ ಇದೆ. ಇಬ್ರೇ ಇದ್ರೆ ಇಲ್ಲ. ಅವಳ ಮನೇಲಿ ಸ್ಟಾಕ್ ಇರೋದ್ರಿಂದ ಕ್ಯಾಲಿಫೋರ್ನಿಯಾ ಎಲ್‌ಎಲ್‌ಸಿಯನ್ನ ಇಲ್ಲೂ ಫಾರಿನ್ ಅಂತ ರಿಜಿಸ್ಟರ್ ಮಾಡಿಸ್ಬೇಕಾಗುತ್ತೆ, 125, ಆಮೇಲೆ ವರ್ಷಕ್ಕೆ 75ರ ಆ್ಯನ್ಯುಯಲ್ ರಿಪೋರ್ಟ್. ಇಲ್ಲಿಯ ಲಾಭದ ಪಾಲಿಗೆ ನ್ಯೂಜೆರ್ಸಿ ಟ್ಯಾಕ್ಸ್ ರಿಟರ್ನ್ ಕೂಡ ಬರುತ್ತೆ ತಂಗಿ, ಸಿಪಿಎಗೆ ಮೊದಲೇ ಹೇಳಿಡು. ಒಳ್ಳೇ ಸುದ್ದಿ ಅಂದ್ರೆ ಇಲ್ಲಿ ಉಡೋ ಬಟ್ಟೆಗೆ ಸೇಲ್ಸ್ ಟ್ಯಾಕ್ಸ್ ಇಲ್ಲ.

ಇಳಕಲ್_ಸೆರಗು · ನವೆಂಬರ್ 12

ಹೌದ್ರಿ? ಇಲ್ಲಿ ಫ್ರೀಮಾಂಟ್‌ನಾಗ ಹತ್ತು ಪರ್ಸೆಂಟ್ ಮೇಲೆ ಹಾಕ್ತೀನಿ ನಾ.

ಕಾವೇರಿ_ಕಟ್ಟೆ · ನವೆಂಬರ್ 14

ಬೇರೆ ಮಾತು ಹೇಳ್ತೀನಿ, ಬೇಜಾರಾಗ್ಬೇಡಿ. ನಿಮಗೆ ಎಲ್‌ಎಲ್‌ಸಿ ಯಾತಕ್ಕೆ ಬೇಕು ಅಂತ ಯಾರೂ ಕೇಳೇ ಇಲ್ಲ. ಸೀರೆ ಉಟ್ಕೊಂಡು ಯಾರಿಗೆ ಏನಾಗುತ್ತೆ, ಕೇಸ್ ಯಾರು ಹಾಕ್ತಾರೆ? ಅಲಮೀಡಾ ಕೌಂಟಿಯಲ್ಲಿ ಅಂಗಡಿ ಹೆಸರು ರಿಜಿಸ್ಟರ್ ಮಾಡ್ಸಿ ಸೋಲ್ ಪ್ರೊಪ್ರೈಟರ್ ಆಗೇ ಇದ್ರೆ 800 ಇಲ್ಲ. ಒಂದು ಲಯಬಿಲಿಟಿ ಇನ್ಶೂರೆನ್ಸ್ ತಗೊಳ್ಳಿ. ಎಲ್‌ಎಲ್‌ಸಿ ಇದ್ರೂ ಬ್ಯಾಂಕ್ ಸಾಲ ಕೊಡುವಾಗ ಪರ್ಸನಲ್ ಗ್ಯಾರಂಟಿ ಕೇಳುತ್ತೆ, ನೀವೇ ಮಾಡಿದ ತಪ್ಪಿಗೆ ನೀವೇ ಹೊಣೆ, ಮನೆ ಖರ್ಚನ್ನ ಬಿಸಿನೆಸ್ ಕಾರ್ಡ್‌ನಲ್ಲಿ ಹಾಕಿ ಎರಡನ್ನೂ ಕಲಸಿದ್ರೆ ಕೋರ್ಟ್ ಎಲ್‌ಎಲ್‌ಸಿ ಅನ್ನೋ ರಕ್ಷಣೆಯ ಪರದೆ ಸರಿಸಿಬಿಡುತ್ತೆ. ಟ್ಯಾಕ್ಸ್ ಅಂತೂ ಎಲ್‌ಎಲ್‌ಸಿ ಅನ್ನೋ ಕಾರಣಕ್ಕೆ ಒಂದು ಡಾಲರೂ ಉಳಿಯಲ್ಲ.

ಲೆಕ್ಕದ_ಕಟ್ಟು · ನವೆಂಬರ್ 14

ನೀವು ಹೇಳಿದ್ದರಲ್ಲಿ ಮುಕ್ಕಾಲು ಒಪ್ತೀನಿ, ಒಬ್ರೇ ಇದ್ದಿದ್ರೆ ನಾನೂ ಅದನ್ನೇ ಹೇಳ್ತಿದ್ದೆ. ಆದ್ರೆ ಇಬ್ರು ಸೇರಿ ಲಾಭಕ್ಕೆ ವ್ಯಾಪಾರ ಶುರು ಮಾಡಿದ ಕ್ಷಣವೇ, ಕಾಗದ ಇಲ್ದಿದ್ರೂ, ಕಾನೂನಿನ ಕಣ್ಣಲ್ಲಿ ಜನರಲ್ ಪಾರ್ಟ್ನರ್‌ಶಿಪ್. ಅದರಲ್ಲಿ ಒಬ್ಬಳು ವ್ಯಾಪಾರಕ್ಕೆ ಅಂತ ಮಾಡಿದ ಸಾಲಕ್ಕೆ ಇನ್ನೊಬ್ಬಳ ಮನೆನೂ ಹೊಣೆ. ಇವ್ರಿಬ್ರೂ ಈಗ ಇರೋದು ಅದೇ ಸ್ಥಿತಿಯಲ್ಲಿ. ಅದಕ್ಕೆ ನನ್ನ ಮತ ಎಲ್‌ಎಲ್‌ಸಿ ಕಡೆ.

ಹಳೇ_ಕಾಯ್ದೆ · ನವೆಂಬರ್ 15

ಎಲ್ರೂ ವಯೋಮಿಂಗ್ ವಯೋಮಿಂಗ್ ಅಂತೀರಲ್ಲ, ಆ ಹೆಸರು ಬಂದಿದ್ದಕ್ಕೆ ಕಾರಣ ಇದೆ, ನನಗೆ ಈ ಇತಿಹಾಸ ಅಂದ್ರೆ ತುಂಬಾ ಇಷ್ಟ ಅದಕ್ಕೆ ಬರೀತಿದ್ದೀನಿ. ಅಮೆರಿಕದ ಮೊದಲ ಎಲ್‌ಎಲ್‌ಸಿ ಕಾನೂನು ವಯೋಮಿಂಗ್‌ದೇ, 1977. ಹ್ಯಾಮಿಲ್ಟನ್ ಬ್ರದರ್ಸ್ ಅನ್ನೋ ಎಣ್ಣೆ ಕಂಪನಿಯವ್ರು ಪನಾಮಾದಲ್ಲಿ ಇಂಥ ರೂಪದ ಸಂಸ್ಥೆ ಬಳಸ್ತಿದ್ರು, ಇಲ್ಲೂ ಬೇಕು ಅಂತ ಮೊದ್ಲು ಅಲಾಸ್ಕಾದಲ್ಲಿ ಪ್ರಯತ್ನ ಪಟ್ರು, ಆಗಲಿಲ್ಲ, ವಯೋಮಿಂಗ್ ಒಪ್ಕೊಂಡ್ತು. ಆದ್ರೆ ಹತ್ತು ವರ್ಷ ಹೆಚ್ಚು ಜನ ಕಣ್ಣೆತ್ತಿ ನೋಡ್ಲಿಲ್ಲ, ಐಆರ್‌ಎಸ್ ಟ್ಯಾಕ್ಸ್ ಹೇಗೆ ಹಾಕುತ್ತೆ ಗೊತ್ತಿರಲಿಲ್ಲ. 1988ರಲ್ಲಿ ಅದನ್ನ ಪಾರ್ಟ್ನರ್‌ಶಿಪ್ ಥರ ನೋಡ್ತೀವಿ ಅಂತ ಐಆರ್‌ಎಸ್ ಹೇಳಿದ ಮೇಲೆ ಎಲ್ಲಾ ಸ್ಟೇಟ್‌ಗಳೂ ಒಂದಾದ ಮೇಲೊಂದು ತಮ್ಮ ತಮ್ಮ ಕಾನೂನು ಬರೆದ್ವು, 1990ರ ದಶಕ ಮುಗಿಯೋಷ್ಟರಲ್ಲಿ ಎಲ್ಲಾ ಕಡೆ ಬಂದಿತ್ತು. ಎಲ್ಲರೂ ಬೇರೆ ಬೇರೆ ಬರೆದಿದ್ದಕ್ಕೇ ಇವತ್ತು ನಾವು ಇಷ್ಟು ಮಾತಾಡ್ತಿರೋದು.

ತುಂಗೆಯ_ಮಗಳು · ನವೆಂಬರ್ 16

ಬೆನಿಫಿಷಿಯಲ್ ಓನರ್ ರಿಪೋರ್ಟ್ (ಕಂಪನಿಯ ನಿಜವಾದ ಮಾಲೀಕರು ಯಾರು ಅಂತ ಸರ್ಕಾರಕ್ಕೆ ತಿಳಿಸೋದು) ಅಂತ ಒಂದಿತ್ತಲ್ಲ, ಕೊಡದಿದ್ರೆ ದಿನಕ್ಕೆ ಇಷ್ಟು ದಂಡ ಅಂತ, ಅದು ಬೇಕಾ ಈಗ?

ಲೆಕ್ಕದ_ಕಟ್ಟು · ನವೆಂಬರ್ 16

ಬೇಡ. 2025 ಮಾರ್ಚ್‌ನಲ್ಲಿ ಫಿನ್‌ಸೆನ್ ಅನ್ನೋ ಕೇಂದ್ರದ ಇಲಾಖೆ ರೂಲ್ ಬದಲಾಯಿಸಿ ಅಮೆರಿಕದಲ್ಲೇ ಹುಟ್ಟಿದ ಎಲ್‌ಎಲ್‌ಸಿಗಳನ್ನ ಬಿಟ್ಟುಬಿಟ್ಟಿದೆ. ಅದನ್ನ ಫೈಲ್ ಮಾಡ್ತೀವಿ ದುಡ್ಡು ಕೊಡಿ ಅನ್ನೋರಿಗೆ ಕೊಡಬೇಡಿ.

ಇಳಕಲ್_ಸೆರಗು · ಜನವರಿ 11

ಎಲ್ಲಾರಿಗೂ ಸಂಕ್ರಾಂತಿ ಶುಭಾಶಯ ಮುಂಚೇನ ಹೇಳ್ತೀನ್ರಿ. ತಡಾ ಆತು ಬರಿಯಾಕ. ಕ್ಯಾಲಿಫೋರ್ನಿಯಾ ಒಳಗ ಜನವರಿ 1ರ ಡೇಟ್ ಹಾಕಿ ಎಲ್‌ಎಲ್‌ಸಿ ಆಗೇತಿ, 70 ಡಾಲರ್, ನಾನ ಮಾಡ್ದೆ. ನ್ಯೂಜೆರ್ಸಿ ಫಾರಿನ್ ರಿಜಿಸ್ಟ್ರೇಷನ್ ಗೆಳತಿ ಹಾಕ್ಯಾಳ. ಈಐಎನ್ (ಕಂಪನಿಯ ಟ್ಯಾಕ್ಸ್ ನಂಬರ್) ಐಆರ್‌ಎಸ್ ವೆಬ್‌ಸೈಟ್‌ನಾಗ ಹತ್ತು ನಿಮಿಷದಾಗ ಸಿಕ್ತು, ಪುಕ್ಕಟೆ, ಒಬ್ರು ಅದಕ್ಕ 150 ಡಾಲರ್ ಕೇಳಿದ್ರು. ನಮ್ಮನಿಯವ್ರು ಮೆಂಬರ್ ಅಲ್ಲ, ವೆಬ್‌ಸೈಟ್ ಕೆಲಸಾನೂ ಬಿಡಿಸೀನಿ, ಧಾರವಾಡದ ಒಂದ್ ಹುಡುಗಿಗೆ ಕೊಟ್ಟೀವಿ.

ಆಪರೇಟಿಂಗ್ ಅಗ್ರಿಮೆಂಟ್ ಬರಿಯಾಕ ಮಾತ್ರ ಐದು ಭಾನುವಾರ ಹಿಡೀತು. ವಿಡಿಯೋ ಕಾಲ್ ಹಚ್ಚಿ ಕುಂದ್ರೋದು, ಬರಿಯೋದು, ಒಬ್ರಿಗೊಬ್ರು ಸಿಟ್ಟಾಗೋದು, ಮತ್ತ ಮುಂದಿನ ವಾರ. ಮೊದಲ ಹಾಕಿದ ಬಂಡವಾಳ ಇಬ್ರಿಗೂ ತಿರುಗಿ ಬರೋ ತನಕ ಲಾಭ 80-20, ಆಮ್ಯಾಲ 55-45. ಪೇಡೆ ಅವ್ರು ಹೇಳಿದ್ದು ಮನಸಿಗೆ ಹತ್ತಿತ್ತು, ಅದಕ್ಕ ಪ್ಯಾಕ್ ಮಾಡಿ ಕಳಿಸೋದಕ್ಕ ಪ್ರತಿ ಆರ್ಡರ್‌ಗೆ ಇಷ್ಟು ಅಂತ ಲಾಭ ಹಂಚೋದಕ್ಕಿಂತ ಮೊದಲ ಆಕಿ ಕೈಗೆ. 5,000 ಡಾಲರ್ ಮೇಲಿನ ಖರ್ಚಿಗೆ ಇಬ್ರದೂ ಸಹಿ.

ಜಗಳ ಆಗಿದ್ದು ಎರಡರಾಗ. ಒಂದು, ಯಾರರ ಒಬ್ರು ಇಂಡಿಯಾಕ್ಕ ವಾಪಸ್ ಹೋದ್ರ ಏನು ಅಂತ. ನಮ್ಮ ವೀಸಾ ಸಲುವಾಗಿ ಅದು ನನಗ ಬರೋ ಮಾತು, ಅದಕ್ಕ ನನಗ ಭಾಳ ನೋವಾತು ಕೇಳಿ, ಆದ್ರ ಆಕಿ ಕೇಳಿದ್ದು ಖರೇನ. ಹೋದಾಕಿ ಪಾಲನ್ನ ಇಲ್ಲೆ ಉಳಿದಾಕಿ ಕೊಳ್ಳೋದು, ಹನ್ನೆರಡು ಕಂತಿನಾಗ. ಎರಡನೇದು ಸ್ಟಾಕಿನ ಬೆಲಿ. ಸೀರಿ ಕೊಂಡಿದ್ದು ರೂಪಾಯಿದಾಗ, ಪಾಲು ಕೊಡೋದು ಡಾಲರ್‌ದಾಗ, ಯಾವ ದಿನದ ರೇಟ್? ಕೊಂಡ ದಿನದ್ದು ಅಂತ ಬರದೀವಿ, ಅದಕ್ಕಂತ ಪ್ರತಿ ಬಿಲ್ ಮೇಲೂ ಆ ದಿನದ ರೇಟ್ ಪೆನ್ಸಿಲ್‌ನಾಗ ಬರದು ಇಡಾಕತ್ತೀನಿ.

ಕಡೀ ಕಲಂ ಆಕೀನ ಸೇರಿಸಿದ್ದು. ಎಲ್‌ಎಲ್‌ಸಿ ಮುಚ್ಚಿದ್ರ ನಾವಿಬ್ರೂ ಒಂದ್ ಡಾಲರ್ ತೊಗೊಳ್ಳೋಕ್ಕಿಂತ ಮೊದಲ ನೇಕಾರರ ಬಾಕಿ ಪೂರಾ ತೀರಿಸಬೇಕು ಅಂತ.

ಲೆಕ್ಕದ_ಕಟ್ಟು · ಜನವರಿ 11

ಮುಚ್ಚುವಾಗ ಬಾಕಿ ಬರಬೇಕಾದವರಿಗೆ ಮೊದಲು ಅನ್ನೋದು ಕಾನೂನಲ್ಲೇ ಇದೆ. ಆದ್ರೂ ಆ ಕಲಂ ತೆಗೀಬೇಡಿ, ಇರಲಿ. ಮುಚ್ಚುವಾಗ ಕ್ಯಾನ್ಸಲೇಷನ್ ಸರ್ಟಿಫಿಕೇಟ್ ಫೈಲ್ ಮಾಡದೆ ಬಿಟ್ರೆ 800 ಪ್ರತಿ ವರ್ಷ ಓಡ್ತಾನೇ ಇರುತ್ತೆ, ಅದನ್ನೂ ಅದರ ಪಕ್ಕ ಬರೆದಿಟ್ಕೊಳ್ಳಿ. ಈಗ ಮೊದಲ ಕೆಲಸ ಏಪ್ರಿಲ್ 1ರ ಒಳಗೆ ಸ್ಟೇಟ್‌ಮೆಂಟ್ ಆಫ್ ಇನ್ಫರ್ಮೇಷನ್.

ಎಡಿಸನ್_ರಂಗಣ್ಣ · ಜನವರಿ 12

ತಂಗಿ, ನಿನ್ನ ಗೆಳತಿ ಮನೆ ನಮ್ಮನೆಯಿಂದ ಹತ್ತು ನಿಮಿಷ ಇರ್ಬೇಕು. ನಮ್ಮನೆಯವಳಿಗೆ ಒಂದು ಸೀರೆ ಬೇಕು, ಕೆಂಪು ಸೆರಗಿಂದು. ಬಿಲ್ ಎಲ್‌ಎಲ್‌ಸಿ ಹೆಸರಲ್ಲೇ ಕೊಡೋಕೆ ಹೇಳು.